ಹಾಲಿನ ಸಂಘವೂ ರಾಷ್ಟ್ರಸಂಘವೂ

ಹೊಸದಾಗಿ ನೇಮಕವಾದ ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇದೆ, ಬಂದು ಹತ್ತು ನಿಮಿಷ ನಿಮ್ಮ ಸೇವಾವಧಿಯ ಸಿಹಿ ನೆನಪುಗಳನ್ನು ಹಂಚಿಕೊಳ್ಳಿ ಎಂದು ಮೊನ್ನೆ ಒಬ್ಬರು ಫೋನು ಮಾಡಿದ್ದರು. ಸಿಹಿಯೇ ಬೇಕಿದ್ದರೆ ಬೇಕರಿಗೆ ಫೋನು ಮಾಡಿ ಎಂದು ಇಟ್ಟುಬಿಟ್ಟೆ. ಆಮೇಲೆ ಗಂಜಾಮಿನ ನಮ್ಮ ಮನೆ ಜಗುಲಿಯಲ್ಲಿ ಕೂತು, ನಿಮಿಷಾಂಬ ಗುಡಿಗೆ ಹೋಗುವವರ ಕಾರುಗಳ ಹಾರನ್ನು ಕೇಳುತ್ತಾ ಯೋಚಿಸಿದೆ. ಪಾಪ, ಆ ಹೊಸಬರು ನನಗೇನು ಮಾಡಿದ್ದಾರೆ? ಯಾರಾದರೂ ನಿಜ ಹೇಳಬೇಕಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪವಿತ್ರ ಎಂಬ ಹುಡುಗಿಗೆ ಇಲಾಖೆ ಮಾಡಿದ ಅನ್ಯಾಯ, ಅದರ ಮೇಲೆ ನಾನು ಮಾಡಿದ ಅನ್ಯಾಯ, ಎರಡೂ ಇದರಲ್ಲಿ ಬರುತ್ತವೆ. ಆ ಹುಡುಗಿ ಓದು ಮುಂದುವರಿಸುತ್ತಾಳೋ ಇಲ್ಲವೋ ಎಂಬುದು ನಾಲ್ಕು ಅಂಕದ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ನನಗೆ ಯಾವಾಗ ಬಡ್ತಿ ಬಂತು, ಸನ್ಮಾನಕ್ಕೆ ಹೊದಿಸಿದ ಯಾವ ಶಾಲಿಗೆ ಎಷ್ಟು ಜರಿಯಿತ್ತು ಎಂಬುದೆಲ್ಲ ಇಲ್ಲಿ ಬೇಡ. ನಾಗಮಂಗಲ ತಾಲ್ಲೂಕಿನಲ್ಲಿ ಶುರು ಮಾಡಿದೆ, ಕೆ.ಆರ್. ಪೇಟೆ ಕಡೆ ಬಹಳ ವರ್ಷ ಇದ್ದೆ, ಪಾಂಡವಪುರದ ಹತ್ತಿರ ನಿವೃತ್ತಳಾದೆ. ಊರು ಬದಲಾಯಿತು, ಪುಸ್ತಕದ ರಟ್ಟು ಬದಲಾಯಿತು, ಆದರೆ ಎರಡು ಮಹಾಯುದ್ಧಗಳ ನಡುವಿನ ಆ ಪಾಠ ಮಾತ್ರ ಎಲ್ಲಿ ಹೋದರೂ ನನ್ನ ಬೆನ್ನು ಬಿಡಲಿಲ್ಲ: ರಾಷ್ಟ್ರಸಂಘ. ಉದ್ದೇಶಗಳು ನಾಲ್ಕು, ಅಂಗಗಳು ಮೂರು, ವಿಫಲತೆಗೆ ಕಾರಣಗಳು ಐದು. ಲಕ್ಷಾಂತರ ಜನ ಕಂದಕಗಳಲ್ಲಿ ಸತ್ತ ಮೇಲೆ, ಇನ್ನು ಮುಂದೆ ಹೀಗಾಗಬಾರದು ಎಂದು ಮನುಷ್ಯರು ಮೊದಲ ಸಲ ಒಂದು ಕಡೆ ಕೂತದ್ದನ್ನು ನಾವು ನಾಲ್ಕು, ಮೂರು, ಐದು ಮಾಡಿ ಕೈ ತೊಳೆದುಕೊಂಡಿದ್ದೇವೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನೂ ಹಾಗೆಯೇ ಶುರು ಮಾಡಿದವಳು. ಅದನ್ನು ಮುಚ್ಚಿಡುವುದಿಲ್ಲ. ನಾಗಮಂಗಲ ತಾಲ್ಲೂಕಿನ ಆ ಶಾಲೆಗೆ ಸೇರಿ ವರ್ಷವೂ ಆಗಿರಲಿಲ್ಲ, ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಮಕ್ಕಳಿಗೆ ಉರು ಹೊಡೆಸಿ ಇಟ್ಟಿದ್ದೆ. ಸಾಹೇಬರು ನಾನು ಕಣ್ಸನ್ನೆ ಮಾಡಿದ ಹುಡುಗಿಯನ್ನು ಬಿಟ್ಟು ಕೊನೆ ಬೆಂಚಿನ ಶಿವಲಿಂಗನನ್ನು ಎಬ್ಬಿಸಿ, ರಾಷ್ಟ್ರಸಂಘ ಎಂದರೇನಪ್ಪ ಎಂದು ಕೇಳಿದರು.

"ಹಾಲಾಕ್ತಾರಲ್ಲ ಸಾ, ಆ ಸಂಘ. ಅದೇ ದೊಡ್ದು," ಎಂದ ಅವನು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಾಸ್ಟರೂ ನಕ್ಕರು, ಸಾಹೇಬರು ನಗುವಾಗ ನಗದೆ ಇರುವ ಹೆಡ್‌ಮಾಸ್ಟರನ್ನು ನಾನು ಈವರೆಗೆ ನೋಡಿಲ್ಲ. ಆಮೇಲೆ ನನಗೆ ಆಫೀಸು ರೂಮಿನಲ್ಲಿ ಅರ್ಧ ಗಂಟೆ ಮಂಗಳಾರತಿ ಆಯಿತು. ಆ ಸಿಟ್ಟನ್ನೆಲ್ಲ ತಂದು ಶಿವಲಿಂಗನ ಅಂಗೈ ಮೇಲೆ ಸ್ಕೇಲಿನಲ್ಲಿ ಇಳಿಸಿದೆ. ಅವನು ಅಳಲಿಲ್ಲ. ಮಾರನೆಯ ದಿನ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೇ ಬಂದ.

"ಮಿಸ್ಸು, ನಮ್ ಸಂಘ್ದಲ್ಲೂ ಮಹಾಸಭೆ ಐತೆ, ಮಂಡಳಿ ಐತೆ, ಕಾರ್ಯದರ್ಶಿ ಅವ್ರೆ. ಇಲ್ನೋಡಿ, ಪುಸ್ತಕ್ದಲ್ಲೂ ಅವೇ ಅವೆ. ನಾನೇನ್ ತಪ್ಪೇಳ್ದೆ?"

ನಾನು ಪುಸ್ತಕ ನೋಡಿದೆ, ಅವನ ಮುಖ ನೋಡಿದೆ. ಅವನು ಒಂದಕ್ಷರವೂ ತಪ್ಪು ಹೇಳಿರಲಿಲ್ಲ. ಹಾಲಿನ ಸಂಘದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವ ಮಾತುಗಳನ್ನೇ ಪುಸ್ತಕದವರು ಜಿನೀವಾದ ರಾಷ್ಟ್ರಸಂಘಕ್ಕೆ ಹಚ್ಚಿದ್ದರು. ಆ ಮಾತು ಮಗುವಿಗೆ ಮೊದಲೇ ಗೊತ್ತಿತ್ತು, ನಾನು ಅದನ್ನು ಕಿತ್ತುಹಾಕಿ ಗಿಳಿಪಾಠ ತುಂಬುತ್ತಿದ್ದೆ. ಶಿವಲಿಂಗನಲ್ಲಿ ಕ್ಷಮೆ ಕೇಳಿದೆನೇ? ಇಲ್ಲ. ಆಗ ಮೇಷ್ಟರುಗಳು ಮಕ್ಕಳ ಕ್ಷಮೆ ಕೇಳುವ ಪದ್ಧತಿ ಇರಲಿಲ್ಲ, ನನಗೂ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಆದರೆ ಅಂದಿನಿಂದ ಪಾಠ ಮಾಡುವ ರೀತಿ ಬದಲಾಯಿಸಿದೆ.

ಬೂಕನಕೆರೆ ಕಡೆಯ ಶಾಲೆಗೆ ಬರುವ ಹೊತ್ತಿಗೆ ನನ್ನ ಪಾಠ ಹಾಲಿನ ಸಂಘದಿಂದಲೇ ಶುರುವಾಗುತ್ತಿತ್ತು. ಊರವರು ಯಾಕೆ ಸಂಘ ಕಟ್ಟಿದರು? ಒಬ್ಬೊಬ್ಬರೇ ಇದ್ದರೆ ದೊಡ್ಡವರು ತುಳಿಯುತ್ತಾರೆ, ಅದಕ್ಕೆ. ದೇಶಗಳೂ ಹಾಗೇ ಅಂದುಕೊಂಡವು. ಒಂದು ದೇಶ ಇನ್ನೊಂದರ ಮೇಲೆ ಬಿದ್ದರೆ ಉಳಿದವರು ಸೇರಿ ತಡೆಯಬೇಕು, ಜಗಳವನ್ನು ಮಾತಿನಲ್ಲಿ ಮುಗಿಸಬೇಕು, ಮದ್ದುಗುಂಡು ಕಡಿಮೆ ಮಾಡಬೇಕು, ರೋಗರುಜಿನ ಮತ್ತು ಕೂಲಿಗಾರರ ಕಷ್ಟಕ್ಕೆ ಒಟ್ಟಿಗೆ ದಾರಿ ಹುಡುಕಬೇಕು. ಎಲ್ಲ ಸದಸ್ಯರೂ ವರ್ಷಕ್ಕೊಮ್ಮೆ ಸೇರುವುದು ಮಹಾಸಭೆ. ಕೆಲವು ದೊಡ್ಡ ದೇಶಗಳು ಕಾಯಂ ಆಗಿ, ಉಳಿದವರಲ್ಲಿ ಕೆಲವರು ಆರಿಸಿ ಬಂದು ಕೂರುವುದು ಮಂಡಳಿ. ಕಾಗದಪತ್ರ ನೋಡುವುದು ಸಚಿವಾಲಯ. ನ್ಯಾಯಾಲಯ ಬೇರೆ ಊರಿನಲ್ಲಿ. ಸ್ವಂತ ಸೈನ್ಯ ಇಲ್ಲ. ನಮ್ಮ ದೇಶ ಆಗ ಇನ್ನೊಬ್ಬರ ಕೈಕೆಳಗೆ ಇದ್ದೂ ಅದರ ಸದಸ್ಯ ಎಂದಾಗ ಒಬ್ಬಳು ಥಟ್ಟನೆ, "ಎಸ್ರು ನಮ್ದು, ಓಟು ಸಾವ್ಕಾರಂದು, ಅಂಗೆ ತಾನೆ ಮಿಸ್?" ಎಂದಿದ್ದಳು. ಹಾಗೇ ಕಣಮ್ಮ ಎಂದೆ. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ.

ಆ ಸಂಘದಲ್ಲಿ ತೀರ್ಮಾನಕ್ಕೆ ಎಲ್ಲರೂ ಒಪ್ಪಬೇಕಿತ್ತು, ಒಬ್ಬರು ಬೇಡ ಎಂದರೂ ಮುಗಿಯಿತು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ ಎಂದು ಒಂದು ಆಟ ಹೂಡಿದೆ. ಆ ವರ್ಷದ ಪ್ರವಾಸ ಎಲ್ಲಿಗೆ ಎಂದು ನೀವೇ ತೀರ್ಮಾನಿಸಿ, ಆದರೆ ಎಲ್ಲ ಬೆಂಚಿನವರೂ ಒಪ್ಪಬೇಕು ಎಂದೆ. ಒಂದು ಬೆಂಚು ಮೇಲುಕೋಟೆ ಎಂದಿತು, ಇನ್ನೊಂದು ಕನ್ನಂಬಾಡಿ ಎಂದಿತು. ಮೂರನೆಯದು ಮೈಸೂರಿನ ಝೂ ಬಿಟ್ಟು ಬೇರೆ ಕಡೆ ಬರುವುದೇ ಇಲ್ಲ ಎಂದು ಹಟ ಹಿಡಿಯಿತು. ಆ ವರ್ಷ ನಾವು ಶಾಲೆಯ ಕಾಂಪೌಂಡು ದಾಟಲಿಲ್ಲ. "ಒಬ್ಬ ಬ್ಯಾಡ ಅಂದ್ರೆ ನಲವತ್ ಜನ ಮನೇಲಿರ್ಬೇಕಾ? ಇದ್ಯಾವ್ ಸೀಮೆ ಸಂಘ ಮಿಸ್ಸು?" ಎಂದು ಒಬ್ಬ ಕೇಳಿದ. ವಿಫಲತೆಗೆ ಕಾರಣ ಬರೆಯಿರಿ ಎಂಬ ಪ್ರಶ್ನೆಗೆ ಆ ತರಗತಿಯ ಒಂದೇ ಒಂದು ಮಗುವೂ ತಡವರಿಸಲಿಲ್ಲ.

ಅದೇ ಊರಿನ ಹಾಲಿನ ಸಂಘದ ಕಾರ್ಯದರ್ಶಿ ಒಂದು ದಿನ ಬುಸುಗುಟ್ಟುತ್ತಾ ಶಾಲೆಗೆ ಬಂದರು. "ಏನ್ ಮೇಡಂ, ಪಾಠ ಮಾಡೋದ್ ಬುಟ್ಟು ನಮ್ ಮ್ಯಾಲೆ ಐಕ್ಳ ಛೂ ಬಿಡ್ತಾ ಇದೀರಾ? ಮಹಾಸಭೆಗೆ ಬಂದು, ಆಲಿನ್ ಜಿಡ್ಡು ಅಳೆಯೋ ಫ್ಯಾಟು ಮೆಶೀನು ನಮ್ ಕಡೀಕೆ ತಿರುಗ್ಸಿ, ನಾವೂ ನೋಡ್ಬೇಕು ಅಂತವೆ." ತಿರುಗಿಸಿದರೇನು ತೊಂದರೆ ಎಂದು ಕೇಳಿದೆ. ಅವರಿಗೆ ತೊಂದರೆ ಇತ್ತು ಅಂತ ಕಾಣುತ್ತದೆ, ಸೀದಾ ಹೆಡ್‌ಮಾಸ್ಟರ ರೂಮಿಗೆ ಹೋದರು. ಸಂಜೆಗೆ ನನಗೆ ಮೆಮೊ ಬಂತು: ಪಠ್ಯೇತರ ವಿಷಯಗಳಲ್ಲಿ ಕಾಲಹರಣ. ಮಕ್ಕಳು ಪ್ರಶ್ನೆ ಕೇಳುವುದನ್ನು ಕಾಲಹರಣ ಎಂದು ಬರೆಯುವ ಕೈಗಳಿಗೆ ಏನು ಹೇಳಬೇಕು?

ಇನ್ನು ಉತ್ತರ ಪತ್ರಿಕೆ ತಿದ್ದುವ ಕೆಲಸದ ಬಗ್ಗೆ ಹೊಸಬರು ತಿಳಿದಿರಲೇಬೇಕು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ನಾನೂ ಹಲವು ವರ್ಷ ಕೂತಿದ್ದೇನೆ. ಬಿಸಿಲು, ಬೆಂಚು, ಒಂದರ ಮೇಲೊಂದು ಕಟ್ಟು. ಪಕ್ಕದಲ್ಲಿ ಮಾದರಿ ಉತ್ತರದ ಹಾಳೆ ಇಟ್ಟುಕೊಂಡು ಕಣ್ಣು ನಾಲ್ಕೇ ಮಾತು ಹುಡುಕುತ್ತದೆ. ಸಿಕ್ಕಿದರೆ ಟಿಕ್ಕು, ಸಿಗದಿದ್ದರೆ ಸೊನ್ನೆ. ಓದುವುದು ಎಂಬ ಕೆಲಸ ಅಲ್ಲಿ ನಡೆಯುವುದೇ ಇಲ್ಲ. ಊಟದ ಗಂಟೆಗೆ ಮುಂಚೆ ಕಟ್ಟು ಮುಗಿಸಬೇಕೆಂದು ನಾನೂ ಎಷ್ಟೋ ಮಕ್ಕಳ ಸ್ವಂತ ಮಾತಿನ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಅವರ ಹೆಸರು ನನಗೆ ಗೊತ್ತಿಲ್ಲ, ಅಲ್ಲಿ ನಂಬರು ಮಾತ್ರ ಇರುತ್ತದೆ. ಹೆಸರಿದ್ದಿದ್ದರೆ ಕೈ ಸ್ವಲ್ಪ ತಡೆಯುತ್ತಿತ್ತೇನೋ.

ಕೊನೆಯ ಶಾಲೆ ಪಾಂಡವಪುರದ ಹತ್ತಿರದ್ದು. ಅಲ್ಲಿಗೆ ಬರುವಷ್ಟರಲ್ಲಿ ಹೊಸ ಪಿಡುಗು ಹತ್ತಿಕೊಂಡಿತ್ತು. ಅದರ ಹೆಸರು ಪಾಸಿಂಗ್ ಪ್ಯಾಕೇಜು. ಹಿಂದುಳಿದ ಮಕ್ಕಳು ಹೇಗಾದರೂ ಪಾಸಾಗಲಿ ಎಂದು ಗ್ಯಾರಂಟಿ ಪ್ರಶ್ನೆಗಳಿಗೆ ಸಿದ್ಧ ಉತ್ತರ ಬರೆದು ಜೆರಾಕ್ಸ್ ಮಾಡಿ ಹಂಚುವುದು. ಹೆಡ್‌ಮಾಸ್ಟರು ಕೆಟ್ಟ ಮನುಷ್ಯರಲ್ಲ, ಆದರೆ ಶೇಕಡಾ ಎಂಬ ಮಾತು ಕಿವಿಗೆ ಬಿದ್ದರೆ ಬೆವರುತ್ತಿದ್ದರು. ನನ್ನ ವಿಷಯದ ಪ್ಯಾಕೇಜನ್ನು ನಾನು ಅವರೆದುರೇ ಹರಿದು ಬುಟ್ಟಿಗೆ ಹಾಕಿದೆ. ನನ್ನ ಮಕ್ಕಳಿಗೆ ಇದು ಬೇಕಾಗಿಲ್ಲ ಸಾರ್ ಎಂದೆ. ಎಷ್ಟು ಜಂಬ ನನಗೆ.

ಪವಿತ್ರ ಆ ಶಾಲೆಯ ಹತ್ತನೆಯ ತರಗತಿಯವಳು. ಗಣಿತದಲ್ಲಿ ಸಾಧಾರಣ, ಇಂಗ್ಲಿಷು ಕಷ್ಟ, ಆದರೆ ಇತಿಹಾಸ ಎಂದರೆ ಪ್ರಾಣ. ಅಪ್ಪ ಇನ್ನೊಬ್ಬರ ಟ್ರಾಕ್ಟರು ಓಡಿಸುತ್ತಿದ್ದ. ತಾಯಿ ಜಯಮ್ಮ ಎರಡು ಹಸು ಕಟ್ಟಿ ಸಂಘಕ್ಕೆ ಹಾಲು ಹಾಕುತ್ತಿದ್ದರು. ಪಾಸಾದರೆ ಪಾಂಡವಪುರದಲ್ಲಿ ಪಿಯುಸಿಗೆ ಸೇರಿ ಇತಿಹಾಸ ತೆಗೆದುಕೊಳ್ಳಬೇಕೆಂದು ಹುಡುಗಿಯ ಆಸೆ. ಫೇಲಾದರೆ ಏನೆಂದು ಜಯಮ್ಮ ಮೊದಲೇ ಹೇಳಿಬಿಟ್ಟಿದ್ದರು: "ಅಸ ನೋಡ್ಕಂಡು ಮನೇಲಿರ್ಲಿ ಮಿಸ್. ನಾನು ಗಾರ್ಮೆಂಟ್ಸ್ ಬಸ್ಸತ್ತುತೀನಿ. ಇಬ್ರೂ ಮನೆ ಬುಟ್ರೆ ಅಸ ನೋಡೋರ್ಯಾರು?"

ಫಲಿತಾಂಶ ಬಂತು. ಉಳಿದ ಐದು ವಿಷಯಗಳಲ್ಲಿ ಪಾಸು, ಸಮಾಜ ವಿಜ್ಞಾನದಲ್ಲಿ ಮೂರು ಅಂಕಕ್ಕೆ ಫೇಲು. ನನ್ನ ವಿಷಯ. ನನಗೆ ನಂಬಿಕೆ ಬರಲಿಲ್ಲ. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದೆವು. ರಾಷ್ಟ್ರಸಂಘದ ರಚನೆಯನ್ನು ವಿವರಿಸಿ ಎಂಬ ನಾಲ್ಕು ಅಂಕದ ಪ್ರಶ್ನೆಗೆ ಅವಳು ಹೀಗೆ ಬರೆದಿದ್ದಳು:

"ರಾಷ್ಟ್ರಸಂಘವು ನಮ್ಮೂರಿನ ಹಾಲಿನ ಸಂಘದ ಹಾಗೆ ಇತ್ತು. ಎಲ್ಲ ದೇಶಗಳು ಸೇರುವುದು ಮಹಾಸಭೆ. ಒಂದು ದೇಶಕ್ಕೆ ಒಂದು ಓಟು. ದೊಡ್ಡ ದೇಶಗಳು ಯಾವಾಗಲೂ ಕೂರುವುದು ಮಂಡಳಿ. ಬರೆಯುವ ಕೆಲಸ ಸಚಿವಾಲಯದ್ದು, ಅದು ಜಿನೀವಾದಲ್ಲಿತ್ತು. ಹಾಲಿಗೆ ನೀರು ಹಾಕಿದರೆ ನಮ್ಮ ಸಂಘದಲ್ಲಿ ಹಾಲು ವಾಪಸ್ ಕಳಿಸುತ್ತಾರೆ. ಆದರೆ ರಾಷ್ಟ್ರಸಂಘದಲ್ಲಿ ನೀರು ಹಾಕಿದವರೇ ಮಂಡಳಿಯಲ್ಲಿ ಕೂತಿದ್ದರು."

ಮಂಡಳಿಯಲ್ಲಿ ಕಾಯಂ ಕುರ್ಚಿ ಇದ್ದ ಜಪಾನು ಮಂಚೂರಿಯಾವನ್ನು ನುಂಗಿತು, ಅಂಥದೇ ಕುರ್ಚಿಯ ಇಟಲಿ ಅಬಿಸೀನಿಯಾದ ಮೇಲೆ ಬಿತ್ತು. ಆ ಕೊನೆಯ ವಾಕ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಕೊಂಡದ್ದು. ಮೂವತ್ತು ಚಿಲ್ಲರೆ ವರ್ಷದಲ್ಲಿ ಆ ಪ್ರಶ್ನೆಗೆ ನಾನು ಓದಿದ ಅತ್ಯುತ್ತಮ ಉತ್ತರ ಅದು. ಮೊದಲ ಸಾಲಿನ 'ಹಾಲಿನ ಸಂಘ'ದ ಸುತ್ತ ಕೆಂಪು ಸೊನ್ನೆ ಸುತ್ತಿ, ಉತ್ತರದ ಮೇಲೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಇನ್ನೊಂದು ಸೊನ್ನೆ ಹಾಕಿದ್ದರು.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಏಳು ದಿನ ಇತ್ತು. ಜಯಮ್ಮ ಕಾಗದವನ್ನೆಲ್ಲ ನನ್ನ ಕೈಯಲ್ಲಿಟ್ಟು, "ನಮ್ಗೆ ಇವೆಲ್ಲ ಗೊತ್ತಾಗಕಿಲ್ಲ ಮಿಸ್. ನೀವೇ ಆಕ್ಬುಡಿ," ಎಂದರು. ಆನ್‌ಲೈನ್ ಅರ್ಜಿಗೆ ಒಟಿಪಿ ಬರುವ ಫೋನೂ ನನ್ನದೇ ಆಗಿತ್ತು. "ನೀವು ನಿಶ್ಚಿಂತೆಯಾಗಿರಿ ಜಯಮ್ಮ. ಇವರನ್ನ ನಾನು ಸುಮ್ಮನೆ ಬಿಡೋದಿಲ್ಲ," ಎಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮಧ್ಯಾಹ್ನ ಹೆಡ್‌ಮಾಸ್ಟರು ಕರೆದರು. ಕೋಣೆಯ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಅರ್ಜಿ ಹಾಕೋದು ಮಗೀನ ಹಕ್ಕು ಮೇಡಂ, ನಾನು ಬೇಡ ಅನ್ನಲ್ಲ. ಆದ್ರೆ ಈ ಉತ್ತರ ಮೇಲಕ್ಕೆ ಹೋದ್ರೆ ಇದನ್ನ ಹೇಳ್ಕೊಟ್ಟೋರು ಯಾರು ಅಂತ ಕೇಳ್ತಾರೆ. ನಿಮಗೆ ಹಳೇ ಮೆಮೊ ಬೇರೆ ಐತೆ. ರಿಟೈರಾಗೋಕೆ ಎಂಟು ತಿಂಗಳು. ಈಗ ನೋಟಿಸ್ ಬಂದ್ರೆ ನಿಮ್ಮ ಫೈಲು ಎಲ್ಲೆಲ್ಲಿ ಕೂತ್ಕೊತದೋ. ಒಸಿ ಯೋಚ್ನೆ ಮಾಡಿ."

ಒಸಿ ಯೋಚನೆ ಮಾಡಿದೆ. ಆರು ದಿನ ಮಾಡಿದೆ. ಮೊದಲ ದಿನ ಮೌಲ್ಯಮಾಪನದಲ್ಲಿ ಪರಿಚಯವಿದ್ದ ಒಬ್ಬರಿಗೆ ಫೋನು ಮಾಡಿ ಅಭಿಪ್ರಾಯ ಕೇಳಿದೆ. ಛೇ, ಅನ್ಯಾಯ ಎಂದರು. ಎರಡನೆಯ ದಿನ ವಿಷಯ ಪರಿವೀಕ್ಷಕರನ್ನು ಕಂಡೆ. ಅವರೂ ತೀವ್ರ ವಿಷಾದ ವ್ಯಕ್ತಪಡಿಸಿದರು. ಮೂರನೆಯ ದಿನ ಶಿಕ್ಷಕರ ಸಂಘದ ಮುಖಂಡರೊಬ್ಬರು, ಇದನ್ನು ಮುಂದಿನ ಸಭೆಯಲ್ಲಿ ಎತ್ತೋಣ ಎಂದರು. ನಾಲ್ಕು ಮತ್ತು ಐದನೆಯ ದಿನ ಕೂತು ನಾಲ್ಕು ಪುಟದ ಪ್ರತಿಭಟನಾ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಆರನೆಯ ದಿನ ಅದರ ಭಾಷೆ ಸ್ವಲ್ಪ ಖಾರವಾಯಿತೇನೋ ಎಂದು ಎರಡು ಸಾಲು ಹೊಡೆದುಹಾಕಿದೆ. ಅರ್ಜಿ ಮಾತ್ರ ಹಾಕಲಿಲ್ಲ. ಮಂಚೂರಿಯಾದ ವಿಚಾರಣೆಗೆ ರಾಷ್ಟ್ರಸಂಘ ಒಂದು ಸಮಿತಿ ಕಳಿಸಿ, ಅದರ ವರದಿ ಬರುವಷ್ಟರಲ್ಲಿ ಜಪಾನಿನವರು ಅಲ್ಲಿ ತಮ್ಮದೇ ಸರ್ಕಾರ ಕೂರಿಸಿದ್ದರು ಎಂದು ವರ್ಷ ವರ್ಷವೂ ವ್ಯಂಗ್ಯವಾಗಿ ಪಾಠ ಮಾಡಿದವಳು ನಾನು. ಮಕ್ಕಳು ನಗುತ್ತಿದ್ದರು.

ಏಳನೆಯ ದಿನ ನಾಚಿಕೆಯಾಗಿ, ಮೂರು ಗಂಟೆಗೆ ಪಾಂಡವಪುರ ಬಸ್‌ಸ್ಟ್ಯಾಂಡಿನ ಹತ್ತಿರ ನಯಾಜ್ ಎಂಬವರ ಕಂಪ್ಯೂಟರ್ ಅಂಗಡಿಗೆ ಹೋದೆ. ಜಯಮ್ಮ, ಪವಿತ್ರ ಇಬ್ಬರೂ ಬಂದರು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. "ಕಡೇ ದಿನ ಮೇಡಂ, ಎಲ್ರೂ ಒಟ್ಗೆ ಹಾಕ್ತಾವ್ರೆ, ಸರ್ವರ್ ತಡ್ಕೊತಿಲ್ಲ. ಇನ್ಷಾ ಅಲ್ಲಾ ಬರ್ತದೆ, ಕೂತ್ಕೊಳಿ," ಎಂದರು ನಯಾಜ್. ನಮಾಜಿಗೂ ಎದ್ದು ಹೋಗದೆ ಪಾಪ, ಮತ್ತೆ ಮತ್ತೆ ಪ್ರಯತ್ನಿಸಿದರು. ಐದೂವರೆಗೆ ಚಕ್ರ ನಿಂತು, ಅವಧಿ ಮುಗಿದಿದೆ ಎಂದು ಬಂತು.

ನಾನು ಎದ್ದು ನಿಂತು ಬಾಯಿಗೆ ಬಂದಂತೆ ಬೈಯಲು ಶುರು ಮಾಡಿದೆ. ಇಲಾಖೆಯನ್ನು ಬೈದೆ, ಸರ್ವರನ್ನು ಬೈದೆ, ಬಡವರ ಮಕ್ಕಳೆಂದರೆ ಇವರಿಗೆ ಕಸ ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಜಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಸರ್ವರ್ರು ಇವತ್ತೊಂದಿನ ಕೆಟ್ಟದೆ ಮಿಸ್. ಆರು ದಿನ ಚೆನ್ನಾಗೇ ಇತ್ತಲ್ಲ."

ದನಿ ಏರಿಸಲಿಲ್ಲ. ಮಗಳ ಕೈ ಹಿಡಿದು ಬಸ್ಸಿಗೆ ಹೋದರು. ಪವಿತ್ರ ನನ್ನ ಕಡೆ ನೋಡಲೇ ಇಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಅಧಿಕಾರಿಗಳು ನನಗೆ ಬೈದಿದ್ದಾರೆ, ಅವು ಯಾವುದೂ ನನಗೆ ನೆನಪಿಲ್ಲ. ಈ ಮಾತು ಮಾತ್ರ ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ.

ಉಳಿದದ್ದು ಪೂರಕ ಪರೀಕ್ಷೆಯ ದಾರಿ ಒಂದೇ. ಮಾರನೆಯ ವಾರ ನಾನೇ ಅವರ ಊರಿಗೆ ಹೋದೆ. ಜಯಮ್ಮ ಆಗಲೇ ಗಾರ್ಮೆಂಟ್ಸ್ ಬಸ್ಸು ಹತ್ತಿದ್ದರು. ಹುಡುಗಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ನನ್ನ ಬ್ಯಾಗಿನಲ್ಲಿ ಆ ಸಲ ಏನಿತ್ತು ಗೊತ್ತೇ? ಪಾಸಿಂಗ್ ಪ್ಯಾಕೇಜು. ಹೆಡ್‌ಮಾಸ್ಟರ ಹತ್ತಿರ ಹೋಗಿ ತಲೆ ತಗ್ಗಿಸಿ ಇನ್ನೊಂದು ಪ್ರತಿ ಕೇಳಿ ತಂದಿದ್ದೆ. ಅವರು ಹರಿದದ್ದನ್ನು ಎತ್ತಿ ಆಡದೆ ಕೊಟ್ಟರು, ಅದು ಅವರ ದೊಡ್ಡತನ. ಇನ್ನೊಂದು ಸಲ ಯಾರೋ ಊಟದ ಗಂಟೆಗೆ ಮುಂಚೆ ಇವಳ ಮಾತಿನ ಮೇಲೆ ಗೆರೆ ಎಳೆಯುವುದನ್ನು ನೋಡುವ ಧೈರ್ಯ ನನಗೆ ಇರಲಿಲ್ಲ. ಒಂದು ತಿಂಗಳು, ದಿನ ಬಿಟ್ಟು ದಿನ, ಆ ಕೊಟ್ಟಿಗೆಯ ಜಗುಲಿಯ ಮೇಲೆ ಕೂತು ಅವಳಿಗೆ ಉರು ಹೊಡೆಸಿದೆ. ಹಾಲಿನ ಸಂಘ ಎಂಬ ಮಾತು ಬಾಯಿಗೆ ಬಂದಾಗೆಲ್ಲ, ಅದು ಬೇಡ ಕಣಮ್ಮ, ಇದರಲ್ಲಿ ಇರೋದನ್ನಷ್ಟೇ ಬರಿ ಎಂದೆ. ನಾನೇ ಎಂದೆ.

ಅವಳು ಪಾಸಾದಳು. ಸಮಾಜ ವಿಜ್ಞಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದಿತ್ತು. ಅಂಕಪಟ್ಟಿ ಇಸಕೊಳ್ಳಲು ಶಾಲೆಗೆ ಬಂದವಳು ಸ್ಟಾಫ್ ರೂಮಿನಲ್ಲಿ ನನ್ನ ಕಾಲು ಮುಟ್ಟಿದಳು. ಜಯಮ್ಮ ಬಂದಿರಲಿಲ್ಲ, ಅವರಿಗೆ ರಜೆ ಇಲ್ಲ. ಹಸು ಯಾರು ನೋಡುತ್ತಾರೆ ಎಂದರೆ, ಒಂದನ್ನು ಮಾರಿದ್ವು, ಇನ್ನೊಂದನ್ನು ಬೆಳಿಗ್ಗೆ ಸಂಜೆ ನಾನೇ ನೋಡ್ಕೊತೀನಿ ಎಂದಳು. ಪಿಯುಸಿಗೆ ಸೇರಿದ್ದಳು.

"ಇತಿಹಾಸ ತಗೊಂಡೆ ತಾನೆ?" ಎಂದು ಕೇಳಿದೆ.

"ಇಲ್ಲ ಮಿಸ್. ಕಾಮರ್ಸ್ ತಗೊಂಡಿವ್ನಿ."

ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ. ರಾಷ್ಟ್ರಸಂಘದ ಪ್ರಶ್ನೆ ಈ ಸಲವೂ ಬಂದಿತ್ತೇ ಎಂದೆ. ಬಂದಿತ್ತು ಎಂದು, ಕೈಕಟ್ಟಿ ನಿಂತು, ಗೋಡೆ ನೋಡುತ್ತಾ, ಒಂದೂ ಅಕ್ಷರ ತಪ್ಪದೆ ಒಪ್ಪಿಸಿದಳು. ಉದ್ದೇಶಗಳು ನಾಲ್ಕು, ಅಂಗಗಳು ಮೂರು. ಅವಳ ಬಾಯಲ್ಲಿ ಅದನ್ನು ಕೇಳಲಾರದೆ ನಡುವೆಯೇ ತಡೆದೆ.

"ಸರಿ ಕಣಮ್ಮ. ಮಂಡಳಿಯಲ್ಲಿ ಕೂತಿದ್ದೋರು ಯಾರು, ಅದನ್ನ ಹೇಳು ನೋಡೋಣ."

ಪವಿತ್ರ ಆ ದಿನ ಮೊದಲ ಸಲ ನನ್ನ ಮುಖ ನೋಡಿದಳು. ನಾನು ಏನೋ ಬೇಡದ್ದು ಕೇಳಿದೆ ಎಂಬಂತೆ ಸಂಕೋಚದಿಂದ ನಕ್ಕಳು.

"ಅದೆಲ್ಲ ಬುಡಿ ಮಿಸ್. ಅದ್ಕೆ ಮಾರ್ಕ್ಸ್ ಕೊಡಕಿಲ್ಲ."